ಶಿರಂಗಾಲ ದಾಟಿದ ನೀರು, ಕೋಲಾರದ ಚಿನ್ನ ಮತ್ತು ಮಾವು

ಶಿರಂಗಾಲದ ಬಳಿ ಕೊಡಗಿನ ನೆಲವನ್ನು ಬಿಟ್ಟು ಬಯಲುಸೀಮೆಗೆ ಇಳಿಯುವ ಕಾವೇರಿಯು ಕೋಲಾರ ಜಿಲ್ಲೆಯ ಹತ್ತಿರಕ್ಕೂ ಸುಳಿಯುವುದಿಲ್ಲವಾದರೂ, ಆ ಜಿಲ್ಲೆಯ ಚಿನ್ನದ ಚರಿತ್ರೆಯನ್ನು ಈ ನದಿಯನ್ನು ಬಿಟ್ಟು ಬರೆಯಲು ಬರುವುದಿಲ್ಲ.

ಸರ್ವೇಕ್ಷಣೆಗೆಂದು 1802ರಲ್ಲಿ ಅಲ್ಲಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನ ತೋರಿಸಿದವರಿಗೆ ಬಹುಮಾನ ಸಾರಿದಾಗ, ಹಳ್ಳಿಗರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರಿಗೇ ಅದನ್ನು ತೊಳೆದು ಚಿನ್ನದ ಕಣಗಳನ್ನು ತೆಗೆದು ತೋರಿಸಿದರು. ಗಣಿಯನ್ನು 'ಕಂಡುಹಿಡಿದ'ವರ ಪಟ್ಟಿಯಲ್ಲಿ ಈ ಹಳ್ಳಿಗರ ಹೆಸರಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ್ದ ಮೈಕೆಲ್ ಲವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಉರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಊರಿಗೆ ಊರೇ ಎದ್ದಿತು. ಗಣಿಯ ಯಂತ್ರಗಳಿಗೆ ಬೇಕಾದ ವಿದ್ಯುತ್ತು 1902ರಲ್ಲಿ ಶಿವನಸಮುದ್ರದಿಂದ, ಎಂದರೆ ಶಿರಂಗಾಲವನ್ನು ಹಾದುಹೋದ ನೀರೇ ಧುಮುಕುವ ಜಾಗದಿಂದ, ಸುಮಾರು 150 ಕಿಲೋಮೀಟರ್ ತಂತಿಯ ಮೂಲಕ ಬಂದಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡದ್ದು ಅದಾದ ಮೂರು ವರ್ಷಕ್ಕೆ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಿರಿನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಹುಡಿಯು ಗುಡ್ಡಗಟ್ಟಿ ನಿಂತಿದ್ದು, ಸೈನೈಡ್ ದಿಬ್ಬಗಳೆಂದು ಹೆಸರಾದ ಅವುಗಳಿಂದ ಗಾಳಿಕಾಲದಲ್ಲಿ ಬೂದುಬಣ್ಣದ ಧೂಳೆದ್ದು ಮನೆಗಳ ಮೇಲೆ ಕೂರುತ್ತದೆ. ಅದೇ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನೋಟವೇ ಬೇರೆ: ಬೇಸಿಗೆಯಲ್ಲಿ ಮಂಡಿಗಳೆದುರು, ಅಂದರೆ ಸಗಟು ವ್ಯಾಪಾರದ ಅಂಗಡಿಗಳೆದುರು, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ಬಾದಾಮಿ, ಬೇನಿಷಾ, ನೀಲಂ ಹಣ್ಣುಗಳು ಹುಲ್ಲಿನ ಮೇಲೆ ರಾಶಿಯಾಗಿ ಬೀಳುತ್ತವೆ, ಕೊಕ್ಕಿನಂತೆ ಮೂತಿ ಬಾಗಿದ ತೋತಾಪುರಿಯು ಗಡಿಯಾಚೆಯ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಹೊರಡುತ್ತದೆ. ನೆಲದಡಿಯ ಸಂಪತ್ತು ಕಾವೇರಿಯ ಶಕ್ತಿಯಿಂದ ಮೇಲೆದ್ದರೆ, ಮೇಲಿನ ಈ ಸಂಪತ್ತು ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು, ಬೇರುಬಿಟ್ಟ ಮಾವಿನ ಮರ ಒಣನೆಲವನ್ನು ತಾಳಿಕೊಳ್ಳುವುದೇ ಇಲ್ಲಿ ತೋಪುಗಳು ಹಬ್ಬಿದುದಕ್ಕೆ ಮುಖ್ಯ ಕಾರಣವೆನ್ನಬಹುದು.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಆ ನಗರ ಕುಡಿಯುವುದು ಬಹುಪಾಲು ಕಾವೇರಿಯನ್ನೇ ಆದುದರಿಂದ, ಒಮ್ಮೆ ತಂತಿಯಲ್ಲಿ ಬಂದುದು ಈಗ ಕೊಳವೆಯಲ್ಲಿ, ಮಹಾನಗರವೊಂದು ಬಳಸಿ ಬಿಟ್ಟ ಮೇಲೆ, ಕೋಲಾರವನ್ನು ತಲುಪುತ್ತಿದೆ.