ಕೋಮೋ ಸರೋವರದ ದಡದಲ್ಲಿ ಸಮಾಧಾನದ ಹಾದಿ
(ಸ್ನಾನಿಕ ಯೊವಾನ್ನರ ಜನನದ ಹಬ್ಬದ ಚಿಂತನೆ)



ಧರ್ಮಸಭೆಯು ಸಾಮಾನ್ಯವಾಗಿ ಸಂತರು ಸ್ವರ್ಗಸ್ಥರಾದ ದಿನವನ್ನೇ ಅವರ ಹಬ್ಬವಾಗಿ ಆಚರಿಸುತ್ತದೆ. ಪ್ರಭು ಯೇಸು ಮತ್ತು ಮಾತೆ ಮರಿಯಮ್ಮನವರನ್ನು ಬಿಟ್ಟರೆ, ಜನನದ ದಿನವೂ ಹಬ್ಬವಾಗಿರುವುದು ಸ್ನಾನಿಕ ಯೊವಾನ್ನರಿಗೆ ಮಾತ್ರ. ಜೂನ್ 24ರ ಈ ಹಬ್ಬದಂದು ನಾವು ಸ್ಮರಿಸುವುದು ಪ್ರಭುವಿಗಾಗಿ ಹಾದಿಯನ್ನು ಸಿದ್ಧಪಡಿಸಿದವರನ್ನು. ಆದ್ದರಿಂದ ಈ ಬಾರಿ ಒಂದು ಹಾದಿಯ ಚರಿತ್ರೆಯನ್ನೇ ತಿಳಿದುಕೊಳ್ಳೋಣ.

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳ ಅಡಿಯಲ್ಲಿ ಕೋಮೋ ಸರೋವರವಿದೆ. 400 ಮೀಟರಿಗೂ ಹೆಚ್ಚು ಆಳವಾದ ಈ ಸರೋವರದ ಪಶ್ಚಿಮ ದಡದಲ್ಲಿ ಕೊಲೊನ್ನೋ ಎಂಬ ಊರಿನಿಂದ ಗ್ರಿಯಾಂತೆ ಎಂಬ ಊರಿನವರೆಗೆ ಸುಮಾರು 10 ಕಿಲೋಮೀಟರ್ ಉದ್ದದ ಕಾಲುದಾರಿಯೊಂದಿದೆ. ಜನರು ಇದನ್ನು 'ಗ್ರೀನ್‌ವೇ' ಎಂದು ಕರೆಯುತ್ತಾರೆ. ಆದರೆ ದಾರಿ ಹೊಸದಲ್ಲ. ರೋಮನರ ಕಾಲದ 'ರೆಜೀನಾ' ಎಂಬ ಹೆದ್ದಾರಿಯ ಜಾಡನ್ನೇ ಇದು ಬಹುಪಾಲು ಹಿಡಿದು ಸಾಗುತ್ತದೆ. ರೆಜೀನಾ ಎಂದರೆ ರಾಣಿ. ಲೊಂಬಾರ್ಡರ ರಾಣಿ ತೆಯೊದೊಲಿಂದಾಳ ನೆನಪಿನಲ್ಲಿ ಈ ಹೆಸರು ಬಂದಿತೆಂದು ಸ್ಥಳೀಯರ ನಂಬಿಕೆ.

ಕೊಲೊನ್ನೋದಿಂದ ಹೊರಟವರಿಗೆ ಮೊದಲು ಸಿಗುವುದು ಸಾಲಾ ಕೊಮಾಚೀನಾ. ಅಲ್ಲಿಂದ ನೋಡಿದರೆ ದಡಕ್ಕೆ ಅತಿ ಸಮೀಪದಲ್ಲಿ, ಇಡೀ ಸರೋವರದ ಏಕೈಕ ದ್ವೀಪವಾದ ಕೊಮಾಚೀನಾ ಕಾಣುತ್ತದೆ. ಇಂದು ಅಲ್ಲಿರುವುದು ಮರಗಿಡಗಳು, ಅಡಿಪಾಯದ ಕಲ್ಲುಗಳು, ಸ್ನಾನಿಕ ಯೊವಾನ್ನರ ಹೆಸರಿನ ಒಂದು ಪುಟ್ಟ ದೇವಾಲಯ. ಆದರೆ ಒಂದು ಕಾಲದಲ್ಲಿ ಅದು ಕೋಟೆಯಿದ್ದ, ಹಲವು ದೇವಾಲಯಗಳಿದ್ದ ಸಮೃದ್ಧ ಊರು. ಸಂತ ಯೂಫೇಮಿಯಾಳ ಮಹಾದೇವಾಲಯವೂ ಅಲ್ಲೇ ಇತ್ತು. 588ರಲ್ಲಿ ಲೊಂಬಾರ್ಡರು ಮುತ್ತಿಗೆ ಹಾಕಿದಾಗ ಆರು ತಿಂಗಳ ಕಾಲ ಅದು ಎದುರಿಸಿ ನಿಂತಿತೆಂದು ಚರಿತ್ರೆ ಹೇಳುತ್ತದೆ.

ಅಂಥ ಊರು ನಾಶವಾದದ್ದು ಹೇಗೆ? ಭೂಕಂಪದಿಂದಲ್ಲ, ಅನ್ಯ ದೇಶದವರಿಂದಲೂ ಅಲ್ಲ. 1118ರಿಂದ 1127ರವರೆಗೆ ಮಿಲಾನ್ ಮತ್ತು ಕೋಮೋ ನಗರಗಳ ನಡುವೆ ಯುದ್ಧ ನಡೆಯಿತು. ದ್ವೀಪದವರು ನೆರೆಯ ಕೋಮೋವನ್ನು ಬಿಟ್ಟು ಮಿಲಾನಿನ ಪಕ್ಷ ಸೇರಿದರು. ಕೊನೆಗೆ ಕೋಮೋ ನಗರ ಹಾಳಾಯಿತು. ಆ ಗಾಯವನ್ನು ಕೋಮೋದವರು ನಾಲ್ಕು ದಶಕಗಳ ಕಾಲ ಮರೆಯಲಿಲ್ಲ. ಚಕ್ರವರ್ತಿ ಫ್ರೆಡೆರಿಕ್ ಬಾರ್ಬರೋಸನ ಬೆಂಬಲ ದೊರೆತ ಮೇಲೆ, 1169ರಲ್ಲಿ ಅವರು ದ್ವೀಪವನ್ನು ನೆಲಸಮ ಮಾಡಿದರು. ಮನೆಗಳ ಜೊತೆಗೆ ದೇವಾಲಯಗಳೂ ಉರುಳಿದವು. ಬದುಕುಳಿದವರು ಎದುರು ದಡದ ವರೆನ್ನಾಕ್ಕೆ ಓಡಿಹೋದರು.

ಅಷ್ಟಕ್ಕೂ ಸೇಡು ನಿಲ್ಲಲಿಲ್ಲ. ಕೋಮೋದ ಧರ್ಮಾಧ್ಯಕ್ಷ ವಿದುಲ್ಫೋ ಎಂಬುವರು ದ್ವೀಪವನ್ನು ಶಪಿಸಿದರೆಂಬ ಐತಿಹ್ಯವಿದೆ. ಅಲ್ಲಿ ಇನ್ನು ಘಂಟೆ ಬಾರಿಸಬಾರದು, ಕಲ್ಲಿನ ಮೇಲೆ ಕಲ್ಲಿಡಬಾರದು, ಯಾರೂ ಅತಿಥಿಗಳಿಗೆ ಅನ್ನವಿಕ್ಕಬಾರದು ಎಂಬುದು ಆ ಶಾಪದ ತಿರುಳು. ಇದು ನಮ್ಮನ್ನು ನೋಯಿಸಬೇಕಾದ ಸಂಗತಿ. ಕೆಡವಿದವರೂ ಕ್ರೈಸ್ತರು, ಮನೆ ಕಳೆದುಕೊಂಡವರೂ ಕ್ರೈಸ್ತರು. ಇಬ್ಬರೂ ಒಂದೇ ದೀಕ್ಷಾಸ್ನಾನ ಪಡೆದವರು, ಒಂದೇ ಬಲಿಪೀಠದ ರೊಟ್ಟಿಯನ್ನು ಉಂಡವರು.

ಆದರೆ ಹಾದಿ ಅಲ್ಲಿಗೇ ಮುಗಿಯುವುದಿಲ್ಲ. ದ್ವೀಪದ ನೇರ ಎದುರಿಗೆ, ದಡದ ಮೇಲೆ ಒಸ್ಪೆದಲೆತ್ತೋ ಎಂಬ ಸ್ಥಳವಿದೆ. ಯಾತ್ರಿಕರಿಗೂ ಬಡವರಿಗೂ ಆಶ್ರಯ ನೀಡುತ್ತಿದ್ದ ಛತ್ರದಿಂದಲೇ ಅದಕ್ಕೆ ಆ ಹೆಸರು. ಅದರ ಪಕ್ಕದಲ್ಲಿ ಸಂತ ಮಗ್ದಲದ ಮರಿಯಳ ದೇವಾಲಯ, ಅದರ ಸುಂದರ ಘಂಟೆಗೋಪುರ ಇಂದಿಗೂ ನಿಂತಿವೆ. ಒಂದೆಡೆ ಅತಿಥಿಗೆ ಅನ್ನ ಬೇಡವೆಂಬ ಶಾಪ, ಕೂಗಳತೆಯ ದೂರದಲ್ಲಿ ಅಪರಿಚಿತನಿಗೆ ತೆರೆದ ಬಾಗಿಲು. ಇವೆರಡರಲ್ಲಿ ಸುವಾರ್ತೆಗೆ ಹತ್ತಿರವಾದದ್ದು ಯಾವುದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ.

ಅದೇ ಒಸ್ಸೂಚೋ ಊರಿನಿಂದ ಮೇಲಕ್ಕೆ ಹತ್ತಿದರೆ ಸಹಾಯಮಾತೆಯ ಪುಣ್ಯಕ್ಷೇತ್ರ ಸಿಗುತ್ತದೆ. ಏರುದಾರಿಯ ಉದ್ದಕ್ಕೂ 1635ರಿಂದ 1710ರವರೆಗೆ ಕಟ್ಟಿದ 14 ಪ್ರಾರ್ಥನಾಲಯಗಳಿವೆ. ಜಪಸರದ ಒಂದೊಂದು ರಹಸ್ಯಕ್ಕೆ ಒಂದೊಂದು. 15ನೆಯದು ಶಿಖರದ ದೇವಾಲಯವೇ. ಒಳಗೆ ಆಳೆತ್ತರದ ಮಣ್ಣಿನ ಮತ್ತು ಗಾರೆಯ ಪ್ರತಿಮೆಗಳು. ಓದುಬಾರದ ರೈತರೂ ಬೆಸ್ತರೂ ಯೇಸುವಿನ ಜೀವನವನ್ನು ಇಲ್ಲಿ ಕಣ್ಣಾರೆ ಕಂಡು, ಕಾಲಾರೆ ನಡೆದು ಧ್ಯಾನಿಸಿದರು. 2003ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮಾತು ಬಾರದ ಕುರಿಗಾಹಿ ಬಾಲಕಿಯೊಬ್ಬಳು ಇಲ್ಲಿ ಮಾತೆಯ ಪ್ರತಿಮೆಯನ್ನು ಕಂಡು ಮಾತು ಪಡೆದಳೆಂದು ಜನ ನಂಬುತ್ತಾರೆ. ಮಗನಿಗೆ ಯೊವಾನ್ನ ಎಂದು ಹೆಸರಿಟ್ಟಾಗ ನಾಲಗೆ ಸಡಿಲಗೊಂಡ ಜೆಕರೀಯ ನಮಗೆ ನೆನಪಾಗುತ್ತಾರೆ. ಇಬ್ಬರ ಬಾಯಿಯೂ ತೆರೆದದ್ದು ಶಪಿಸಲಿಕ್ಕಲ್ಲ, ಸ್ತುತಿಸಲಿಕ್ಕೆ.

ಮುಂದೆ ಲೆನ್ನೋ. ಅಲ್ಲಿ ಸಂತ ಸ್ತೇಫನರ ದೇವಾಲಯದ ಕೆಳಗೆ 11ನೆಯ ಶತಮಾನದ ನೆಲಮಾಳಿಗೆಯ ಪ್ರಾರ್ಥನಾಲಯ, ಹತ್ತಿರದಲ್ಲೇ ಸ್ನಾನಿಕ ಯೊವಾನ್ನರ ಹೆಸರಿನ ಎಂಟು ಮೂಲೆಯ ದೀಕ್ಷಾಸ್ನಾನ ಮಂದಿರ ಇವೆ. ಬಳಿಕ ಮೆಜ್ಜೆಗ್ರಾ. 1945ರ ಏಪ್ರಿಲ್ 28ರಂದು ಸರ್ವಾಧಿಕಾರಿ ಮುಸೊಲಿನಿಯನ್ನು ಗುಂಡಿಟ್ಟು ಕೊಂದದ್ದು ಈ ಊರಿನ ಜೂಲಿನೋದಲ್ಲಿ. ಕತ್ತಿ ಹಿಡಿದವರ ಕೊನೆಯನ್ನೂ ಈ ಹಾದಿ ಕಂಡಿದೆ. ನಂತರ ತ್ರೆಮೆಜ್ಜೋದ ಉದ್ಯಾನಗಳನ್ನು ದಾಟಿ ದಾರಿ ಗ್ರಿಯಾಂತೆಯಲ್ಲಿ ಮುಗಿಯುತ್ತದೆ.

ಹಾಗಾದರೆ ದ್ವೀಪದ ಶಾಪವೇ ಕೊನೆಯ ಮಾತಾಯಿತೇ? ಇಲ್ಲ. ಪ್ರತಿವರ್ಷ ಯೊವಾನ್ನರ ಹಬ್ಬದ ಸಮೀಪದ ಶನಿವಾರ ಸಂಜೆ ದಡದ ಊರುಗಳವರು ಬಸವನಹುಳುವಿನ ಚಿಪ್ಪುಗಳಲ್ಲಿ ಎಣ್ಣೆ ತುಂಬಿ, ಬತ್ತಿ ಹಚ್ಚಿ ನೀರಿನ ಮೇಲೆ ತೇಲಿಬಿಡುತ್ತಾರೆ. ಭಾನುವಾರ ದೋಣಿಗಳ ಮೆರವಣಿಗೆಯಲ್ಲಿ ದ್ವೀಪಕ್ಕೆ ಹೋಗಿ ಅಲ್ಲಿ ಬಲಿಪೂಜೆ ಅರ್ಪಿಸುತ್ತಾರೆ. 20ನೆಯ ಶತಮಾನದಲ್ಲಿ ಆ ದ್ವೀಪದಲ್ಲಿ ಅತಿಥಿಗಳಿಗೆ ಊಟ ಬಡಿಸುವ ಭೋಜನಾಲಯವೂ ತೆರೆಯಿತು. ಕೆಡವಿದ ಗೋಡೆಗಳು ಮತ್ತೆ ಏಳಲಿಲ್ಲ ನಿಜ. ಆದರೆ ದ್ವೇಷ ಬರಿದು ಮಾಡಿದ ಜಾಗಕ್ಕೆ ಜನ ಪ್ರಾರ್ಥನೆಯನ್ನು ಹೊತ್ತು ಹಿಂತಿರುಗಿದರು.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲೂ ಹಳೆಯ ಗಾಯಗಳಿವೆ. ಹಬ್ಬದ ತೇರು ಯಾವ ಬೀದಿಗೆ ಮೊದಲು ಬರಬೇಕು, ಗುಡಿಯ ಜಾಗ ಯಾರದು, ಅಜ್ಜನ ಕಾಲದಲ್ಲಿ ಯಾರು ಯಾರಿಗೆ ಏನಂದರು ಎಂದು ಎರಡು ಮನೆತನಗಳು ಒಂದೇ ಬಲಿಪೂಜೆಗೆ ಬಂದೂ ಮುಖ ನೋಡದೆ ಹೋಗುವುದುಂಟು. ನಲವತ್ತು ವರ್ಷ ಕಾಪಿಟ್ಟ ಸಿಟ್ಟು ಏನನ್ನು ಉಳಿಸುತ್ತದೆಂಬುದಕ್ಕೆ ಆ ದ್ವೀಪವೇ ಸಾಕ್ಷಿ. ಸ್ನಾನಿಕ ಯೊವಾನ್ನರು ತಗ್ಗನ್ನು ತುಂಬಿಸಿ, ದಿಬ್ಬವನ್ನು ಸಮಮಾಡಿರೆಂದು ಸಾರಿದ್ದು ನಮ್ಮ ನಮ್ಮ ಮನೆಬಾಗಿಲ ಮುಂದಿನ ದಾರಿಗೂ ಅನ್ವಯಿಸುತ್ತದೆ. ಈ ಹಬ್ಬದಂದು ದೇವಾಲಯದಿಂದ ಮರಳುವಾಗ, ಬಹುದಿನಗಳಿಂದ ನಾವು ಕಾಲಿಡದ ಆ ಒಂದು ಮನೆಯ ಕಡೆಗೆ ಹೆಜ್ಜೆ ಹಾಕೋಣ. ಪ್ರಭು ನಮ್ಮ ಜೊತೆ ನಡೆಯುವರು.