ತೊಂಬತ್ತು ನಿಮಿಷದ ಕಾಗದಕ್ಕೆ ಬೆಲೆ ಬಂದ ಕಥೆ

ಮುಹೂರ್ತ ಮುಗಿದ ಮೇಲೆ ಲಗ್ನಪತ್ರಿಕೆಯನ್ನು ಕೇಳುವವರು ಯಾರು? ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಮಾರುತ್ತಿದ್ದ ಪ್ರೋಗ್ರಾಮ್‌ನ ಗತಿಯೂ ಬಹುಕಾಲ ಹೀಗೆಯೇ ಇತ್ತು. ಅಂದಿನ ಪಂದ್ಯದಲ್ಲಿ ಯಾವ ಕಡೆಯಿಂದ ಯಾರು ಆಡುತ್ತಾರೆ ಎಂದು ತಿಳಿಸುವ ಒಂದು ಹಾಳೆ ಅಥವಾ ಕೆಲವೇ ಪುಟಗಳ ಕಿರುಹೊತ್ತಿಗೆ ಅದು. ಗೇಟಿನ ಬಳಿ ಒಂದೋ ಎರಡೋ ಪೆನ್ನಿ ಕೊಟ್ಟು ಕೊಂಡವರಲ್ಲಿ ಬಹಳ ಮಂದಿ ಆಟ ಮುಗಿದ ಕೂಡಲೇ ಅದನ್ನು ಕಾಲಡಿಯಲ್ಲೇ ಬಿಟ್ಟು ಮನೆಗೆ ನಡೆಯುತ್ತಿದ್ದರು. ಮೈದಾನ ಗುಡಿಸುವವರ ಪಾಲಿಗೆ ಅದು ಬರೀ ಕಸ.

ಅಂಥದ್ದೇ ಒಂದು ಹಾಳೆ 2013ರ ಮೇ ತಿಂಗಳಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ 35,250 ಪೌಂಡಿಗೆ ಮಾರಾಟವಾಯಿತು. ಆಗಿನ ವಿನಿಮಯ ದರದಲ್ಲಿ ಸುಮಾರು 30 ಲಕ್ಷ ರೂಪಾಯಿ! 1882ರ ಮಾರ್ಚ್ 25ರಂದು ಓಲ್ಡ್ ಈಟೋನಿಯನ್ಸ್ ಮತ್ತು ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡಗಳ ನಡುವೆ ನಡೆದ ಎಫ್.ಎ. ಕಪ್ ಫೈನಲ್ ಪಂದ್ಯದ ಪ್ರೋಗ್ರಾಮ್ ಅದು. ಪಂದ್ಯ ನಡೆದದ್ದು ಕ್ರಿಕೆಟ್ ಪ್ರಿಯರಿಗೆಲ್ಲ ಪರಿಚಿತವಾದ ಓವಲ್ ಮೈದಾನದಲ್ಲಿ. ಓಲ್ಡ್ ಈಟೋನಿಯನ್ಸ್ 1-0ರಿಂದ ಗೆದ್ದಿತು. ಗೆದ್ದವರೂ ಸೋತವರೂ ಕಾಲವಾಗಿ ಎಷ್ಟೋ ವರ್ಷಗಳಾದವು. ಉಳಿದದ್ದು ಆ ಹಾಳೆ.

ಕಸಕ್ಕೂ 30 ಲಕ್ಷಕ್ಕೂ ನಡುವೆ ನಡೆದದ್ದೇನು? ಬಿಸಾಡಬೇಕಾದದ್ದನ್ನು ಮೊದಲು ಎತ್ತಿಟ್ಟುಕೊಂಡವರು ಯಾರು? ಅದಕ್ಕೊಂದು ಬೆಲೆ ಕಟ್ಟಿದವರು ಯಾರು?

ಹಾಳೆಯ ಕೆಲಸ

ಪ್ರೋಗ್ರಾಮ್ ಹುಟ್ಟಿದ್ದು ಅಂದಕ್ಕಲ್ಲ, ಅಗತ್ಯಕ್ಕೆ. 12 ಕ್ಲಬ್‌ಗಳು ಸೇರಿ 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದಾಗ ಆಟಗಾರರ ಅಂಗಿಯ ಮೇಲೆ ಸಂಖ್ಯೆ ಇರಲಿಲ್ಲ. ಲೀಗ್ ಪಂದ್ಯಗಳಲ್ಲಿ ಸಂಖ್ಯೆ ಕಡ್ಡಾಯವಾದದ್ದು 1939ರಲ್ಲಿ. ಅಲ್ಲಿಯವರೆಗೆ ಮೈದಾನದಲ್ಲಿ ಓಡುತ್ತಿರುವವನು ಯಾರೆಂದು ಗುರುತಿಸಲು ಪ್ರೇಕ್ಷಕನಿಗೆ ಇದ್ದ ಆಧಾರ ಕೈಯಲ್ಲಿನ ಕಾಗದ. ಅದರಲ್ಲಿ ಹೆಸರುಗಳನ್ನು ಸುಮ್ಮನೆ ಸಾಲಾಗಿ ಕೊಡುತ್ತಿರಲಿಲ್ಲ. ಗೋಲ್‌ಕೀಪರ್, ಅವನ ಮುಂದೆ ಇಬ್ಬರು, ಅವರ ಮುಂದೆ ಮೂವರು, ತುದಿಯಲ್ಲಿ ಐವರು ಎಂದು ಆಟಗಾರರು ಮೈದಾನದಲ್ಲಿ ನಿಲ್ಲುವ ಕ್ರಮದಲ್ಲಿಯೇ ಅಚ್ಚು ಹಾಕುತ್ತಿದ್ದರು. ಪುಟವೇ ಒಂದು ಪುಟ್ಟ ಮೈದಾನ.

ಇನ್ನೊಂದು ಉಪಯೋಗವೂ ಇತ್ತು. ಅದೇ ಹೊತ್ತಿಗೆ ಬೇರೆ ಊರುಗಳಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೆ ಎ, ಬಿ, ಸಿ ಎಂದು ಅಕ್ಷರಗಳನ್ನು ಕೊಟ್ಟು ಪ್ರೋಗ್ರಾಮ್‌ನಲ್ಲಿ ಪಟ್ಟಿ ಮಾಡಿರುತ್ತಿದ್ದರು. ಮಧ್ಯಂತರದ ವೇಳೆಗೆ ಮೈದಾನದ ಬದಿಯ ಹಲಗೆಯ ಮೇಲೆ ಅಕ್ಷರ ಮತ್ತು ಗೋಲುಗಳ ಸಂಖ್ಯೆ ಮಾತ್ರ ಕಾಣಿಸುತ್ತಿತ್ತು. ಕಾಗದ ಕೊಳ್ಳದವನಿಗೆ ಎ ಯಾವುದು, ಬಿ ಯಾವುದು ತಿಳಿಯುತ್ತಿರಲಿಲ್ಲ. ಟ್ರಾನ್ಸಿಸ್ಟರ್ ಇನ್ನೂ ಬಾರದಿದ್ದ ಕಾಲದಲ್ಲಿ ಪ್ರೋಗ್ರಾಮ್ ಮಾರಲು ಕ್ಲಬ್‌ಗಳು ಕಂಡುಕೊಂಡಿದ್ದ ಒಳ್ಳೆಯ ಉಪಾಯವಿದು.

ಲಿವರ್‌ಪೂಲ್ ನಗರದ ಕಥೆ ಇನ್ನೂ ಸ್ವಾರಸ್ಯಕರ. ಬದ್ಧ ಎದುರಾಳಿಗಳಾದ ಎವರ್ಟನ್ ಮತ್ತು ಲಿವರ್‌ಪೂಲ್ ಕ್ಲಬ್‌ಗಳು 1904ರಿಂದ ಸುಮಾರು ಮೂರು ದಶಕಗಳ ಕಾಲ ಒಂದೇ ಪ್ರೋಗ್ರಾಮ್ ಹೊರಡಿಸಿದವು. ಒಂದರ ಮುಖ್ಯ ತಂಡ ತವರಿನಲ್ಲಿ ಆಡುವ ದಿನ ಇನ್ನೊಂದರ ಮೀಸಲು ತಂಡದ ಆಟ ಅದೇ ಊರಿನಲ್ಲಿ ಇರುತ್ತಿತ್ತು. ಎರಡಕ್ಕೂ ಒಂದೇ ಪುಸ್ತಿಕೆ ಸಾಕಾಗುತ್ತಿತ್ತು.

ಉಳಿದದ್ದೇ ಅಚ್ಚರಿ

ಇಂಥ ಕಾಗದವನ್ನು ಮೊದಲಿಗೆ ಕೂಡಿಟ್ಟವರು ತಮ್ಮನ್ನು ಸಂಗ್ರಾಹಕರೆಂದು ಕರೆದುಕೊಂಡವರಲ್ಲ. ಒಂದು ಋತುವಿನ ಪ್ರೋಗ್ರಾಮ್‌ಗಳನ್ನೆಲ್ಲ ಸೇರಿಸಿ ರಟ್ಟು ಹಾಕಿಸಿ ಕಪಾಟಿನಲ್ಲಿಟ್ಟವರು ಕೆಲವರು. ನೆನಪಿಗೆಂದು ಫೈನಲ್ ಪಂದ್ಯದ ಒಂದು ಪ್ರತಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮರೆತವರು ಹಲವರು. ಮಹಾಯುದ್ಧಗಳಿಗಿಂತ ಹಿಂದಿನ ಪ್ರತಿಗಳು ಇಂದು ಸಿಗುವುದಿದ್ದರೆ ಅದು ಹೆಚ್ಚಾಗಿ ಇಂಥ ರಟ್ಟು ಹಾಕಿದ ಸಂಪುಟಗಳಲ್ಲಿ, ಇಲ್ಲವೇ ಅಜ್ಜನ ಅಟ್ಟದ ಪೆಟ್ಟಿಗೆಗಳಲ್ಲಿ.

ಎರಡನೇ ಮಹಾಯುದ್ಧ ಈ ಕಾಗದದ ಮೇಲೆ ಎರಡು ಕಡೆಯಿಂದ ಎರಗಿತು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿದಾಗ ಲೀಗ್ ಋತು ಆರಂಭವಾಗಿ ಒಂದು ವಾರವಷ್ಟೇ ಆಗಿತ್ತು. ಋತು ರದ್ದಾಯಿತು, ಆಡಿದ್ದ ಪಂದ್ಯಗಳನ್ನು ಅಧಿಕೃತ ಲೆಕ್ಕದಿಂದ ತೆಗೆದುಹಾಕಲಾಯಿತು. ಲೆಕ್ಕದಲ್ಲಿ ಇಲ್ಲದ ಆ ಪಂದ್ಯಗಳಿಗೆ ಈಗ ಕೈಗೆ ಸಿಗುವ ಸಾಕ್ಷಿ ಅಂದಿನ ಪ್ರೋಗ್ರಾಮ್‌ಗಳು.

ಮುಂದೆ ಕಾಗದಕ್ಕೆ ಪಡಿತರ ಬಂತು. ಪ್ರೋಗ್ರಾಮ್ ಮತ್ತೆ ಒಂದೇ ಹಾಳೆಗೆ ಇಳಿಯಿತು. ವಿಮಾನದಾಳಿಯ ಸೈರನ್ ಕೇಳಿದರೆ ಏನು ಮಾಡಬೇಕೆಂಬ ಸೂಚನೆ ಆಟಗಾರರ ಹೆಸರಿನ ಜೊತೆಗೇ ಅಚ್ಚಾಗುತ್ತಿತ್ತು. ಆಟಗಾರರಲ್ಲಿ ಅನೇಕರು ಸೈನ್ಯದಲ್ಲಿದ್ದುದರಿಂದ, ಹತ್ತಿರದ ಶಿಬಿರದಲ್ಲಿದ್ದ ಬೇರೆ ಕ್ಲಬ್ಬಿನವರು ಅತಿಥಿಗಳಾಗಿ ಆಡುತ್ತಿದ್ದರು. ಅಚ್ಚಾದ ಹೆಸರು ಒಂದು, ಆಡಿದವನು ಇನ್ನೊಬ್ಬ. ಪ್ರೇಕ್ಷಕರು ಪೆನ್ಸಿಲಿನಲ್ಲಿ ಹೆಸರು ಹೊಡೆದು ಹೊಸದನ್ನು ಬರೆದುಕೊಳ್ಳುತ್ತಿದ್ದರು. ಇತ್ತ ಯುದ್ಧಕಾರ್ಯಕ್ಕೆ ಹಳೆಯ ಕಾಗದ ಕೊಡಿರೆಂಬ ಸರ್ಕಾರದ ಕರೆಗೆ ಓಗೊಟ್ಟು ಜನ ಮನೆಯಲ್ಲಿದ್ದ ರದ್ದಿಯನ್ನೆಲ್ಲ ಒಪ್ಪಿಸಿದರು. ಅದರೊಂದಿಗೆ ಹಳೆಯ ಪ್ರೋಗ್ರಾಮ್‌ಗಳೂ ಹೋದವು. ಇಂದಿಗೂ ಈ ಹವ್ಯಾಸದಲ್ಲಿ 'ಯುದ್ಧಪೂರ್ವ', 'ಯುದ್ಧೋತ್ತರ' ಎಂಬುದೇ ದೊಡ್ಡ ಗಡಿರೇಖೆ.

ಹುಡುಗರ ವಿನಿಮಯ, ಅಂಚೆಯ ವ್ಯಾಪಾರ

ಲೀಗ್ ಮತ್ತೆ ಆರಂಭವಾದದ್ದು 1946ರಲ್ಲಿ. ಆರು ವರ್ಷ ಬಾಂಬು, ಬ್ಲ್ಯಾಕ್‌ಔಟ್, ಪಡಿತರಗಳಲ್ಲಿ ನಲುಗಿದ್ದ ಜನ ಮೈದಾನಗಳಿಗೆ ಮುಗಿಬಿದ್ದರು. 1948-49ರ ಋತುವಿನಲ್ಲಿ ಲೀಗ್ ಪಂದ್ಯಗಳನ್ನು ನೋಡಿದವರ ಒಟ್ಟು ಸಂಖ್ಯೆ 4 ಕೋಟಿ 12 ಲಕ್ಷ ದಾಟಿತು. ಕಾಗದದ ಅಭಾವ ಇನ್ನೂ ನೀಗಿರಲಿಲ್ಲ. ದೊಡ್ಡ ಪಂದ್ಯಗಳಲ್ಲಿ ಅಧಿಕೃತ ಪ್ರೋಗ್ರಾಮ್ ಎಲ್ಲರಿಗೂ ಸಿಗುತ್ತಿರಲಿಲ್ಲ. ಈ ಸಂದರ್ಭ ನೋಡಿಕೊಂಡು ಕ್ಲಬ್ಬಿಗೆ ಸಂಬಂಧವೇ ಇಲ್ಲದವರು ತಾವೇ ಹಾಳೆ ಅಚ್ಚು ಹಾಕಿಸಿ ಬೀದಿಯಲ್ಲಿ ಮಾರಿದರು. ಆ ಕಳ್ಳ ಪ್ರೋಗ್ರಾಮ್‌ಗಳಿಗೂ ಇಂದು ಗಿರಾಕಿಗಳಿದ್ದಾರೆ ಎಂಬುದು ತಮಾಷೆಯ ಸಂಗತಿ.

ಚೆಲ್ಸಿ ಕ್ಲಬ್ 1948ರ ಕ್ರಿಸ್ಮಸ್ ದಿನ ಆರು ಪೆನ್ನಿ ಬೆಲೆಯ, 16 ಪುಟಗಳ, ನಿಯತಕಾಲಿಕದಂಥ ಪ್ರೋಗ್ರಾಮ್ ಹೊರತಂದಿತು. ಚಿತ್ರ, ಲೇಖನ, ಆಟಗಾರರ ಪರಿಚಯ ಎಲ್ಲವೂ ಅದರಲ್ಲಿದ್ದವು. ಓದಿ ಮುಗಿಸಿದ ಮೇಲೂ ಇಟ್ಟುಕೊಳ್ಳಬೇಕೆನಿಸುವ ವಸ್ತುವಾಗಿ ಪ್ರೋಗ್ರಾಮ್ ಬದಲಾಗತೊಡಗಿತು.

ಇಟ್ಟುಕೊಂಡವರು ಮುಖ್ಯವಾಗಿ ಶಾಲಾ ಹುಡುಗರು. ಅಂಚೆಚೀಟಿ, ಸಿಗರೇಟ್ ಪ್ಯಾಕಿನ ಚಿತ್ರಗಳಂತೆ ಇದೂ ಒಂದು ಗೀಳಾಯಿತು. ದೂರದೂರಿನ ಕ್ಲಬ್ಬಿಗೆ ಸ್ವವಿಳಾಸದ ಲಕೋಟೆ ಕಳಿಸಿ 'ಉಳಿದಿದ್ದರೆ ಒಂದು ಪ್ರತಿ ಕಳಿಸಿ' ಎಂದು ಬೇಡಿಕೊಳ್ಳುವುದು, ಎರಡು ಪ್ರತಿಗಳಿದ್ದರೆ ಗೆಳೆಯನೊಡನೆ ಬದಲಾಯಿಸಿಕೊಳ್ಳುವುದು ಇವೇ ಅಂದಿನ ವಹಿವಾಟು. ಒಂದು ಕೊಟ್ಟು ಒಂದು ಪಡೆಯುವ ಈ ಲೋಕದಲ್ಲಿ ದುಡ್ಡಿನ ಮಾತು ಕಡಿಮೆ.

ಇಂಗ್ಲೆಂಡ್ ತಂಡದಲ್ಲಿ ಆಡಿದ್ದ ಚಾರ್ಲ್ಸ್ ಬಕನ್ 1951ರ ಸೆಪ್ಟೆಂಬರ್‌ನಲ್ಲಿ 'ಫುಟ್‌ಬಾಲ್ ಮಂತ್ಲಿ' ಎಂಬ ಮಾಸಪತ್ರಿಕೆ ಆರಂಭಿಸಿದರು. ಇಂಥ ಪತ್ರಿಕೆಗಳ ಕಿರುಜಾಹೀರಾತುಗಳು ಒಬ್ಬರನ್ನೊಬ್ಬರು ಕಾಣದ ಹುಡುಗರನ್ನು ಬೆಸೆದವು. ಒಂದೂರಿನ ಹುಡುಗನಿಗೆ ಬೇಡವಾದದ್ದು ಇನ್ನೊಂದೂರಿನವನಿಗೆ ಬೇಕಿರುತ್ತಿತ್ತು. ಹೆಚ್ಚು ಪ್ರತಿ ಕೂಡಿಸಿಕೊಂಡವರು ಕ್ರಮೇಣ ಪಟ್ಟಿ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಪ್ರತಿ ತೆಗೆದು ಅಂಚೆಗೆ ಹಾಕತೊಡಗಿದರು. ಪಟ್ಟಿಯಲ್ಲಿ ಪಂದ್ಯ, ವರ್ಷ, ಬೆಲೆ. ಗಿರಾಕಿ ಗುರುತು ಹಾಕಿ ಪೋಸ್ಟಲ್ ಆರ್ಡರ್ ಕಳಿಸಿದರೆ ಕೆಲವು ದಿನಗಳಲ್ಲಿ ಕಂದು ಲಕೋಟೆ ಮನೆಗೆ ಬರುತ್ತಿತ್ತು. ಮನೆಯ ಮೂಲೆಯ ಕೋಣೆಯೇ ಗೋದಾಮು, ಊಟದ ಮೇಜೇ ಅಂಗಡಿ. 1960ರ ದಶಕದಲ್ಲಿ ಇದೇ ಒಂದು ವ್ಯಾಪಾರವಾಗಿ ಬೆಳೆಯಿತು. ಸಂಗ್ರಾಹಕರ ಸಂಘಗಳು, ಅವರದೇ ಸಣ್ಣ ಪತ್ರಿಕೆಗಳು, ಸಭಾಂಗಣಗಳಲ್ಲಿ ಪ್ರೋಗ್ರಾಮ್ ಸಂತೆಗಳು ಹಿಂಬಾಲಿಸಿದವು.

ಬೆಲೆಯ ವ್ಯಾಕರಣ

ಬೆಲೆ ಬಂದ ಮೇಲೆ ನಿಯಮಗಳೂ ಬಂದವು. ಮಡಿಚಿದ ಗುರುತಿದ್ದರೆ ಬೆಲೆ ಕಡಿಮೆ. ಪಿನ್ನು ತುಕ್ಕು ಹಿಡಿದು ಕಾಗದ ಕಂದಾಗಿದ್ದರೆ ಇನ್ನೂ ಕಡಿಮೆ. ಮುಖಪುಟದಲ್ಲಿ ಗೋಲುಗಳ ಲೆಕ್ಕ ಬರೆದಿದ್ದರೆ, ಬದಲಾದ ಆಟಗಾರನ ಹೆಸರನ್ನು ತಿದ್ದಿದ್ದರೆ ವ್ಯಾಪಾರಿ ಅದನ್ನು ಪಟ್ಟಿಯಲ್ಲೇ ಒಪ್ಪಿಕೊಳ್ಳಬೇಕು.

'ಟೋಕನ್' ಎಂಬುದು ಇನ್ನೊಂದು ತಾಪತ್ರಯ. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್‌ಗಳು ಪ್ರೋಗ್ರಾಮ್‌ನಲ್ಲಿ ಒಂದು ಸಣ್ಣ ಚೀಟಿ ಅಚ್ಚು ಹಾಕುತ್ತಿದ್ದವು. ಅವನ್ನು ಕತ್ತರಿಸಿ ಹಾಳೆಗೆ ಅಂಟಿಸಿಕೊಂಡು ಬಂದವರಿಗೆ ದೊಡ್ಡ ಪಂದ್ಯದ ಟಿಕೆಟಿನಲ್ಲಿ ಆದ್ಯತೆ. ನಿಷ್ಠಾವಂತ ಅಭಿಮಾನಿ ಕತ್ತರಿ ಹಿಡಿದ. ಮುಂದಿನ ಪೀಳಿಗೆಯ ಸಂಗ್ರಾಹಕನಿಗೆ ತೂತು ಬಿದ್ದ ಪುಟ ಸಿಕ್ಕಿತು. ಆಟವನ್ನು ಹೆಚ್ಚು ಪ್ರೀತಿಸಿದವನ ಪ್ರತಿಗೆ ಬೆಲೆ ಕಡಿಮೆ, ಮೈದಾನಕ್ಕೇ ಹೋಗದೆ ಕಟ್ಟಿನಲ್ಲಿ ಉಳಿದ ಪ್ರತಿಗೆ ಬೆಲೆ ಹೆಚ್ಚು! ಮಾರುಕಟ್ಟೆಯ ನ್ಯಾಯ ಇದು.

ಹೆಸರಿಲ್ಲದ ಹನ್ನೊಂದು ಸ್ಥಾನ

ಈ ನ್ಯಾಯ ತಡವರಿಸುವ ಎರಡು ಪ್ರೋಗ್ರಾಮ್‌ಗಳಿವೆ. ಎರಡೂ 1958ರ ಫೆಬ್ರುವರಿಯವು. ಆ ತಿಂಗಳ 6ರಂದು, ಬೆಲ್‌ಗ್ರೇಡ್‌ನಲ್ಲಿ ಆಡಿ ಮರಳುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿಮಾನ ಮ್ಯೂನಿಕ್‌ನಲ್ಲಿ ಅಪಘಾತಕ್ಕೀಡಾಯಿತು. ಎಂಟು ಆಟಗಾರರು ಸೇರಿ 23 ಮಂದಿ ಸತ್ತರು. ಎರಡು ದಿನ ಕಳೆದು, 8ರ ಶನಿವಾರ, ತವರಿನಲ್ಲಿ ವುಲ್ವ್ಸ್ ತಂಡದ ವಿರುದ್ಧ ಪಂದ್ಯವಿತ್ತು. ಅದರ ಪ್ರೋಗ್ರಾಮ್ ಅದಾಗಲೇ ಅಚ್ಚಾಗಿತ್ತು. ಪಂದ್ಯ ಮುಂದಕ್ಕೆ ಹೋಯಿತು, ಅಚ್ಚಾದ ಪ್ರತಿಗಳನ್ನು ನಾಶಪಡಿಸಲಾಯಿತು. ಹೇಗೋ ಪಾರಾಗಿ ಉಳಿದವು ಕೆಲವೇ ಕೆಲವು. ಸಂಗ್ರಾಹಕರು ಅವುಗಳಿಗೆ ಸಾವಿರಾರು ಪೌಂಡ್ ತೆರುತ್ತಾರೆ.

ಮತ್ತೊಂದು 19ರಂದು ಷೆಫೀಲ್ಡ್ ವೆನ್ಸ್‌ಡೇ ವಿರುದ್ಧ ನಡೆದ ಎಫ್.ಎ. ಕಪ್ ಪಂದ್ಯದ್ದು. ಅಪಘಾತದ ನಂತರ ಯುನೈಟೆಡ್ ಆಡಿದ ಮೊದಲ ಪಂದ್ಯ. ಎದುರು ತಂಡದ ಹೆಸರುಗಳೆಲ್ಲ ಅಚ್ಚಾಗಿದ್ದವು. ಯುನೈಟೆಡ್ ಕಡೆ ಹನ್ನೊಂದು ಸ್ಥಾನಗಳೂ ಖಾಲಿ. ಯಾರು ಆಡುತ್ತಾರೆಂದು ಅಚ್ಚಿನ ವೇಳೆಗೆ ಕ್ಲಬ್ಬಿಗೇ ತಿಳಿದಿರಲಿಲ್ಲ. ಸ್ಟಾನ್ ಕ್ರೌಥರ್ ಎಂಬ ಆಟಗಾರ ಕ್ಲಬ್ ಸೇರಿದ್ದೇ ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು. ಧ್ವನಿವರ್ಧಕದಲ್ಲಿ ಹೆಸರು ಕೇಳಿದಂತೆ ಪ್ರೇಕ್ಷಕರು ಖಾಲಿ ಜಾಗ ತುಂಬಿಕೊಂಡರು. ಅಪಘಾತದಲ್ಲಿ ಬದುಕುಳಿದಿದ್ದ ಹ್ಯಾರಿ ಗ್ರೆಗ್ ಮತ್ತು ಬಿಲ್ ಫೋಕ್ಸ್ ಅಂದು ಆಡಿದರು. ತಂಡ 3-0ರಿಂದ ಗೆದ್ದಿತು.

ಕೈಬರಹವಿದ್ದರೆ ಬೆಲೆ ಇಳಿಯುತ್ತದೆ ಎನ್ನುತ್ತದೆ ವ್ಯಾಪಾರದ ನಿಯಮ. ಆದರೆ ನಡುಗುವ ಕೈಯಿಂದಲೋ, ಕಣ್ಣೀರಿನ ನಡುವೆಯೋ ಯಾರೋ ಬರೆದುಕೊಂಡ ಆ ಹನ್ನೊಂದು ಹೆಸರುಗಳು ಕಲೆಯೆ, ಇತಿಹಾಸವೆ?

ಉಳಿಸಿದವರು ಯಾರು?

1980ರ ದಶಕದ ಕೊನೆಯ ಹೊತ್ತಿಗೆ ದೊಡ್ಡ ಹರಾಜು ಸಂಸ್ಥೆಗಳು ಫುಟ್‌ಬಾಲ್ ಸಾಮಗ್ರಿಯತ್ತ ಕಣ್ಣು ಹಾಯಿಸಿದವು. ದುಡ್ಡು ಹರಿದಲ್ಲಿ ಮೋಸವೂ ಹರಿಯುತ್ತದೆ. 1966ರ ವಿಶ್ವಕಪ್ ಫೈನಲ್‌ನಂಥ ಪಂದ್ಯಗಳ ಪ್ರೋಗ್ರಾಮ್‌ಗಳನ್ನು ಮರುಮುದ್ರಿಸಿದ್ದೂ ಉಂಟು. ಮೂಲ ಯಾವುದು, ನಕಲು ಯಾವುದು ಎಂದು ಕಾಗದ ಮುಟ್ಟಿ, ತೂಕ ನೋಡಿ ಹೇಳಬಲ್ಲ ಪಳಗಿದ ಕೈಗಳು ಬೇಕಾದವು. ಶಾಲಾ ಹುಡುಗನ ಜೇಬಿಗೆ ಎಟಕುತ್ತಿದ್ದ ಹವ್ಯಾಸದ ಒಂದು ಭಾಗ ಶ್ರೀಮಂತರ ಹೂಡಿಕೆಯಾಯಿತು ಎಂಬ ಕೊರಗು ಹಳಬರಲ್ಲಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಬೆಲೆ ಇಲ್ಲದ ಕಾಗದ ರದ್ದಿಗೆ ಹೋಗುತ್ತದೆ. ಬೆಲೆ ಇದೆಯೆಂದು ತಿಳಿದರೆ ಅಜ್ಜನ ಪೆಟ್ಟಿಗೆ ತೆರೆಯುತ್ತದೆ. ಎವರ್ಟನ್ ಅಭಿಮಾನಿ ಡೇವಿಡ್ ಫ್ರಾನ್ಸ್ ವರ್ಷಗಟ್ಟಲೆ ಹರಾಜುಗಳಲ್ಲಿ, ವ್ಯಾಪಾರಿಗಳಲ್ಲಿ ಹುಡುಕಿ ತಮ್ಮ ಕ್ಲಬ್ಬಿಗೆ ಸಂಬಂಧಿಸಿದ ಸಾವಿರಾರು ವಸ್ತುಗಳನ್ನು ಕೂಡಿಸಿದರು; ಅವುಗಳಲ್ಲಿ ಪ್ರೋಗ್ರಾಮ್‌ಗಳದೇ ದೊಡ್ಡ ಪಾಲು. ಲಾಟರಿ ಹಣದಿಂದ ನಡೆಯುವ ಬ್ರಿಟನ್ನಿನ ಪರಂಪರೆ ನಿಧಿಯ ನೆರವಿನಿಂದ ಒಂದು ಧರ್ಮದರ್ಶಿ ಸಂಸ್ಥೆ ಅದನ್ನು ಕೊಂಡು, ಲಿವರ್‌ಪೂಲ್ ನಗರದ ದಾಖಲೆ ಕಚೇರಿಯಲ್ಲಿ ಇರಿಸಿತು. ಒಬ್ಬರ ಗೀಳು ಊರಿನ ಆಸ್ತಿಯಾಯಿತು. ಸಂಶೋಧಕರು ಈಗ ಆ ಪುಟಗಳಲ್ಲಿ ಗೋಲುಗಳನ್ನಷ್ಟೇ ಅಲ್ಲ, ಅಂದಿನ ಬಿಯರ್, ಟೋಪಿ, ಟ್ರಾಮ್‌ಗಳ ಜಾಹೀರಾತುಗಳಲ್ಲಿ ಒಂದು ಕಾಲದ ಬದುಕನ್ನೇ ಓದುತ್ತಾರೆ.

2018ರ ಜೂನ್‌ನಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗಿನ ಕ್ಲಬ್‌ಗಳು ಮತ ಹಾಕಿ, ಪ್ರತಿ ಪಂದ್ಯಕ್ಕೂ ಪ್ರೋಗ್ರಾಮ್ ಹೊರಡಿಸಲೇಬೇಕೆಂಬ ನಿಯಮವನ್ನು ಕೈಬಿಟ್ಟವು. ಆಟಗಾರರ ಪಟ್ಟಿ ಮೊಬೈಲಿನಲ್ಲೇ ಸಿಗುವಾಗ ಕಾಗದ ಏಕೆ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಮೊಬೈಲಿನ ಪರದೆಯ ಮೇಲೆ ಬಂದುಹೋಗುವ ಪಟ್ಟಿ ನೂರು ವರ್ಷದ ಮೇಲೆ ಯಾರ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕೀತು? ಬಿಸಾಡುವ ಕಾಗದವನ್ನು ಬಗ್ಗಿ ಎತ್ತಿಕೊಂಡ ಹುಡುಗನಿಗೂ, ಅದಕ್ಕೆ ನಾಲ್ಕು ಪೆನ್ನಿ ಬೆಲೆ ಕಟ್ಟಿ ಪಟ್ಟಿಗೆ ಸೇರಿಸಿದ ವ್ಯಾಪಾರಿಗೂ ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸ ಅಷ್ಟಿಷ್ಟಲ್ಲ ಋಣಿ.