ಕೇಳುವವರು, ಹೇಳುವವರು: ಕನ್ನಡ ಗಣಕ ಬಳಗಗಳ ತಿಳಿವು ಮತ್ತು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ‘ಬೀಚಿ’ ಎಂಬ ತಮ್ಮ ಕಾವ್ಯನಾಮವನ್ನು ಎರಡು ಲಿಪಿ ಬೆರೆಸಿ ಬರೆಯುತ್ತಿದ್ದರು. ‘ಬೀ’ ಕನ್ನಡದಲ್ಲಿ, ‘ಚಿ’ ಮಾತ್ರ ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ. ಮೊಳೆ ಜೋಡಿಸುವ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಒಂದು ಕೇಸಿನಿಂದ ಕನ್ನಡದ ಮೊಳೆ, ಪಕ್ಕದ ಕೇಸಿನಿಂದ ಇಂಗ್ಲಿಷಿನ ಮೊಳೆ ತೆಗೆದು ಕೂರಿಸಿದರೆ ಹೆಸರು ಸಿದ್ಧ. ಕಂಪ್ಯೂಟರು ಬಂದಾಗ ಅದೇ ಹೆಸರು ತೊಡಕಿನದಾಯಿತು. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ತಲೆಕಟ್ಟು, ಗುಡಿಸು, ಒತ್ತುಗಳ ಚೂರುಗಳನ್ನು ಇಟ್ಟಿದ್ದವು. ಯಂತ್ರದ ಲೆಕ್ಕದಲ್ಲಿ ಆ ಕಡತದಲ್ಲಿದ್ದುದು ಇಂಗ್ಲಿಷ್ ಅಕ್ಷರಗಳು. ಕಣ್ಣಿಗೆ ಅವು ಕನ್ನಡವಾಗಿ ಕಾಣುತ್ತಿದ್ದುದು ಫಾಂಟಿನಿಂದ. ಇಡೀ ಪುಟವನ್ನು ಒಮ್ಮೆಗೇ ಆಯ್ದು ಕನ್ನಡ ಫಾಂಟ್ ಹಾಕಿದರೆ ಬೀಚಿಯವರ ಹೆಸರಿನ ಹಿಂದರ್ಧ ಅರ್ಥವಿಲ್ಲದ ಚೂರುಗಳಾಗಿ ಒಡೆಯುತ್ತಿತ್ತು.

ಇದಕ್ಕೆ ಮದ್ದು ಗೊತ್ತಿದ್ದುದು ಪಕ್ಕದ ಅಂಗಡಿಯವನಿಗೆ. “ಅಣ್ಣ, ಅಕ್ಷರ ಒಡದಾವು ನೋಡು” ಎಂದರೆ, “ಮೊದ್ಲು ಕನ್ನಡ ಎಲ್ಲ ಮುಗಿಸು. ಆಮೇಲೆ ಆ ಮೂರಕ್ಷರ ಅಷ್ಟೇ ಹಿಡಿದು ಬೇರೆ ಫಾಂಟ್ ಹಾಕು” ಎಂಬ ಉತ್ತರ ಬರುತ್ತದೆ. ಡಿಟಿಪಿ ಕೆಲಸ ಬಲ್ಲ ಯಾರಿಗೂ ಈ ಮಾತು ಹೊಸದಲ್ಲ. ನನ್ನ ವಾದವೂ ಇಲ್ಲಿಂದಲೇ ಹೊರಡುತ್ತದೆ. ಕನ್ನಡವನ್ನು ಗಣಕಕ್ಕೆ ಒಗ್ಗಿಸಿದ ತಿಳಿವಿನ ದೊಡ್ಡ ಪಾಲು ವರದಿ, ಆದೇಶ, ಪಠ್ಯಪುಸ್ತಕಗಳಲ್ಲಿ ಹುಟ್ಟಿದ್ದಲ್ಲ. ಒಬ್ಬರು ಕೇಳಿ ಇನ್ನೊಬ್ಬರು ಹೇಳಿಕೊಟ್ಟ ಮಾತಿನಲ್ಲಿ ಅದು ಬೆಳೆಯಿತು. ಆ ಮಾತಿನ ಬಳಗಗಳು ಬೆಂಗಳೂರಿನಲ್ಲಿ ನೆಲೆ ಕಂಡವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಂಥ ಕಡೆಗೆ ಫಲ ಬಂತು, ಬಳಗ ಬರಲಿಲ್ಲ.

ಈ ಐದು ತಾಲ್ಲೂಕುಗಳನ್ನು ಒಟ್ಟಾಗಿ ನೋಡುವುದಕ್ಕೆ ಕಾರಣವಿದೆ. ಆಡಳಿತದ ಗೆರೆಗಳು ಇಲ್ಲಿ ಪದೇಪದೇ ಸರಿದಿವೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಸೀಮೆ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ಜೊತೆಗೆ ಸೇರಿದವು ಇವೇ ಐದು. ಹೀಗೆ ಕಚೇರಿ ಬದಲಾದಾಗಲೆಲ್ಲ ಕಡತಗಳೂ ಊರು ಬದಲಿಸುತ್ತವೆ. ಅರ್ಜಿ, ಪಹಣಿ, ಕರಪತ್ರ, ಲಗ್ನಪತ್ರಿಕೆಗಳನ್ನು ಕನ್ನಡದಲ್ಲೇ ಸಿದ್ಧಪಡಿಸುವ ಈ ಊರುಗಳಲ್ಲಿ ಫಾಂಟಿನ ತೊಡಕು ದಿನನಿತ್ಯದ ತೊಡಕು.

ಬಳಗಗಳ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿ 1989ರಲ್ಲಿ ಸಿಕ್ಸ್ ಎಂಬ ಗಣಕ ಸಂದೇಶ ಫಲಕವನ್ನು ತೆರೆದಿದ್ದರು. ದೂರವಾಣಿ ತಂತಿಯ ಮೂಲಕ ಅದಕ್ಕೆ ಕರೆ ಮಾಡಿ ಪ್ರಶ್ನೆ ಬಿಟ್ಟುಬರಬೇಕು, ಮತ್ತೊಬ್ಬರು ಕರೆ ಮಾಡಿದಾಗ ಉತ್ತರ ಬರಬೇಕು. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದ ಸಿ.ಡಿ. ಹಂಚಿತು. ಇಂಟರ್ನೆಟ್ಟು ದುಬಾರಿಯಾಗಿದ್ದ ಆ ಕಾಲದಲ್ಲಿ ಅಂಚೆಯಲ್ಲಿ ಬಂದ ಒಂದು ಸಿ.ಡಿ. ಎಷ್ಟೋ ಕೈ ದಾಟುತ್ತಿತ್ತು. ಅದನ್ನು ಯಂತ್ರಕ್ಕೆ ಹಾಕಿಕೊಳ್ಳಲು ಹೋದವರಿಗೆ ಮೋಡೆಮ್ ಓಡದು, ಪರದೆ ಹತ್ತದು, ಪ್ರಿಂಟರು ಮಾತು ಕೇಳದು. ಕೇಳಲು ಜನ ಬೇಕಾಯಿತು. ಬೆಂಗಳೂರು ಲಿನಕ್ಸ್ ಬಳಕೆದಾರರ ಬಳಗ ಬೆಳೆದದ್ದು ಈ ಅಗತ್ಯದಿಂದ. 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು ದೇಶದ ಸ್ವತಂತ್ರ ತಂತ್ರಾಂಶದವರೆಲ್ಲ ಸೇರುವ ಜಾತ್ರೆಯಾಯಿತು. ಮುಂದೆ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಗ್ಲಗ್’ ಎಂದು ಕರೆಯುವ ವಿದ್ಯಾರ್ಥಿ ಬಳಗಗಳನ್ನು ಕಟ್ಟಿತು. ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ತೆರೆದು, ಅಲ್ಲಿಯ ಮಕ್ಕಳೊಡನೆ ಸ್ವಯಂಸೇವಕರು ಕೂತದ್ದು ಈ ಪರಂಪರೆಯಲ್ಲೇ ನನಗೆ ಅತಿ ಮುಖ್ಯವಾಗಿ ಕಾಣುವ ಸಂಗತಿ. ಬಳಗವೆಂಬುದು ಎಂಜಿನಿಯರುಗಳ ಸೊತ್ತಲ್ಲ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತೆ ಸಾಬೀತಾಯಿತು.

ಕನ್ನಡದ ಕೆಲಸ ಇದರ ಪಕ್ಕದಲ್ಲೇ ನಡೆಯಿತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಸರ್ಕಾರದ ಒಪ್ಪಿಗೆ ಪಡೆಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಯು.ಬಿ. ಪವನಜ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಗೆ ಕನ್ನಡದ ಆದೇಶಗಳನ್ನು ತಂದರು. ನಮ್ಮ ಸೀಮೆಗೆ ತೀರ ಹತ್ತಿರದ ಹಂಪಿ ಕನ್ನಡ ವಿಶ್ವವಿದ್ಯಾಲಯವು ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಹೊರತಂದಿತು. ಇವೆಲ್ಲ ದಾಖಲೆಯಲ್ಲಿವೆ. ಆದರೆ ಇವನ್ನು ಬಳಸುವಾಗ ಎದುರಾದ ಸಾವಿರ ಸಣ್ಣ ಪ್ರಶ್ನೆಗಳನ್ನು ಯಾರು ಬಿಡಿಸಿದರು ಎಂಬುದು ದಾಖಲೆಯಲ್ಲಿ ಸಿಗುವುದಿಲ್ಲ.

ಅಂಥ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ‘ಸೂರ್ಯ’ ಎಂದು ಟೈಪಿಸಿದರೆ ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ಕೂರುತ್ತದೆ. ಸರಿಯಾಗಿದೆ. ‘ರ‍್ಯಾಂಕ್’ ಎಂದು ಬರೆಯಬೇಕಾದಾಗ ಕನ್ನಡಿಗರ ರೂಢಿ ಬೇರೆ: ರಕಾರ ಇಡಿಯಾಗಿ ನಿಂತು ಯಕಾರ ಒತ್ತಾಗಬೇಕು. ಯಂತ್ರಕ್ಕೆ ಎರಡೂ ಒಂದೇ, ರಕಾರ, ಹಲಂತ, ಯಕಾರ. ಅಕ್ಷರಗಳ ಸಂಕೇತಪಟ್ಟಿಯಾದ ಯೂನಿಕೋಡ್ ಇದಕ್ಕೆ ಕಂಡುಕೊಂಡ ದಾರಿ, ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಜೋಡುಗುರುತನ್ನು ಇಡುವುದು. ಪುಸ್ತಕದಲ್ಲಿ ಇದು ಒಂದು ಸಾಲು. ಬಳಕೆಯಲ್ಲಿ ಆ ಗುರುತು ಯಾವ ಕೀಲಿಯಲ್ಲಿದೆ, ಯಾವ ಫಾಂಟು ಅದನ್ನು ಗೌರವಿಸುತ್ತದೆ, ಯಾವುದು ಚೌಕದ ಡಬ್ಬಿ ತೋರಿಸುತ್ತದೆ ಎಂದು ಒಬ್ಬೊಬ್ಬರೂ ಕೇಳಿಯೇ ತಿಳಿಯಬೇಕಾಯಿತು. ಹಲಂತದ ಹಿಂದೆ ಇಡಬೇಕೋ ಮುಂದೆ ಇಡಬೇಕೋ ಎಂಬ ಗೊಂದಲವೂ ಬಹುಕಾಲ ನಡೆಯಿತು. ಎರಡೂ ಬಗೆಯ ಬರಹ ಇಂದಿಗೂ ಉಳಿದಿದೆ. ಹಾಗಾಗಿ ಒಂದು ಬಗೆಯಲ್ಲಿ ಹುಡುಕಿದರೆ ಇನ್ನೊಂದು ಬಗೆಯಲ್ಲಿ ಬರೆದ ಅದೇ ಪದ ಸಿಗದೆ ಹೋಗಬಹುದು. ‘ಸಾಫ್ಟ್‌ವೇರ್’ ಬರೆಯುವಾಗ ಬೇಕಾಗುವ ಬಿಡಿಸುಗುರುತಿನ ಕತೆಯೂ ಇಂಥದೇ. ಕಾಣದ ಅಕ್ಷರದ ಬಗ್ಗೆ ಮಾತಾಡಲು ಎದುರಿಗೊಬ್ಬರು ಬೇಕು. ಅವರು ನಿಮ್ಮ ಪರದೆ ನೋಡಿ, “ಇಲ್ಲಿ ಒಂದು ಗುರುತಿದೆ, ನಿಮಗೆ ಕಾಣ್ತಿಲ್ಲ ಅಷ್ಟೆ” ಎನ್ನಬೇಕು.

ರಾಜ್ಯ ಸರ್ಕಾರ ಯೂನಿಕೋಡನ್ನು ಅಧಿಕೃತವಾಗಿ ಒಪ್ಪಿದ್ದು 2012ರಲ್ಲಿ. ಆ ವೇಳೆಗೆ ಹಳೆಯ ಫಾಂಟುಗಳಲ್ಲಿ ಬೆಟ್ಟದಷ್ಟು ಕನ್ನಡ ಬಿದ್ದಿತ್ತು. ಅದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಲ್ಲಿ ಅರವಿಂದ ವಿ.ಕೆ. ಬರೆದ ಮುಕ್ತ ತಂತ್ರಾಂಶವೂ ಒಂದು. ‘ಗುಬ್ಬಿ’, ‘ನವಿಲು’ ಎಂಬ ಸ್ವತಂತ್ರ ಫಾಂಟುಗಳೂ ಅವರವೇ. ಪರಿವರ್ತಕ ಬರೆಯುವುದು ಒತ್ತಕ್ಷರಗಳ ದೊಡ್ಡ ಪರೀಕ್ಷೆ. ಚೂರುಗಳನ್ನು ಕಾಣುವ ಕ್ರಮದಿಂದ ಬಿಡಿಸಿ ಉಚ್ಚಾರದ ಕ್ರಮಕ್ಕೆ ಜೋಡಿಸಬೇಕು. ಅರ್ಕಾವತ್ತು ಹಿಂದಿನಿಂದ ಮುಂದಕ್ಕೆ ಹಾರಬೇಕು. ಬೀಚಿಯವರ ಹೆಸರಿನಲ್ಲಿ ಬರುವ ಇಂಗ್ಲಿಷಿನ ಮೂರು ಅಕ್ಷರಗಳನ್ನು ಮಾತ್ರ ಮುಟ್ಟದೆ ಬಿಡಬೇಕು. ಫಾಂಟಿನ ಗುರುತು ಕಳೆದುಹೋದ ಕಡತದಲ್ಲಿ ಅದು ಸಾಧ್ಯವೇ ಇಲ್ಲ. ಆ ಮೂರು ಅಕ್ಷರ ಇಂಗ್ಲಿಷೋ ಕನ್ನಡದ ಚೂರೋ ಎಂದು ಹೇಳಬಲ್ಲವರು ಬೀಚಿಯನ್ನು ಓದಿದವರು ಮಾತ್ರ. ಮುಕ್ತ ತಂತ್ರಾಂಶಕ್ಕೆ ಬಳಗ ಬೇಕೆನ್ನುವುದು ಇದಕ್ಕೇ. ಸಂಕೇತ ಎಲ್ಲರ ಕಣ್ಣೆದುರಿಗಿದ್ದರೆ ತಪ್ಪಿದ ಪದವನ್ನು ತಂದುಕೊಡುವವರು ಓದುಗರೇ ಆಗುತ್ತಾರೆ.

ಇಂಥ ಮಾತುಕತೆಯನ್ನು ಗಂಭೀರವಾಗಿ ಅಧ್ಯಯನ ಮಾಡಿದ ಪರಂಪರೆ ಹೊರಗೆ ಇದೆ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಪುಸ್ತಕದಲ್ಲಿ, ಹೊಸಬರು ಕಸುಬಿನ ಅಂಚಿನಲ್ಲಿ ನಿಂತು ಸಣ್ಣ ಕೆಲಸ ಮಾಡುತ್ತ ಒಳಗೆ ಬರುವುದನ್ನೇ ಕಲಿಕೆಯೆಂದು ವಿವರಿಸಿದರು. ಜೂಲಿಯನ್ ಓರ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಜೆರಾಕ್ಸ್ ಯಂತ್ರ ರಿಪೇರಿ ಮಾಡುವವರು ಕಂಪನಿಯ ಕೈಪಿಡಿಗಿಂತ ಊಟದ ಹೊತ್ತಿನ ಕತೆಗಳಿಂದ ಹೆಚ್ಚು ಕಲಿಯುತ್ತಾರೆ ಎಂದು ಅವರು ತೋರಿಸಿದರು. ಕೆಟ್ಟ ಯಂತ್ರದ ಕತೆಯನ್ನು ಒಬ್ಬ ಹೇಳುತ್ತಾನೆ, ಇನ್ನೊಬ್ಬ ತನ್ನದನ್ನು ಸೇರಿಸುತ್ತಾನೆ, ಮೂರನೆಯವನಿಗೆ ಮರುದಿನ ಅದು ಕೆಲಸಕ್ಕೆ ಬರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡದವರಿಗೆ ಪರದೇಶದ ಪರಿಭಾಷೆ ಬೇಕಿಲ್ಲ. ನಮ್ಮಲ್ಲಿ ‘ಹರಟೆ’ ಒಂದು ಸಾಹಿತ್ಯಪ್ರಕಾರದ ಹೆಸರು. ಓದುಗರ ಪ್ರಶ್ನೆಗೆ ಉತ್ತರಿಸುವ ಅಂಕಣವನ್ನು ‘ಸುಧಾ’ದಲ್ಲಿ ಮನೆಮಾತಾಗಿಸಿದವರು ಹರಪನಹಳ್ಳಿಯ ಇದೇ ಬೀಚಿ. ಪ್ರಶ್ನೆ ಕೇಳುವುದು ಮರ್ಯಾದೆಗೇಡಲ್ಲ, ಉತ್ತರದಲ್ಲಿ ನಗುವಿದ್ದರೆ ತಿಳಿವು ಕಡಿಮೆಯಾಗುವುದಿಲ್ಲ ಎಂಬುದನ್ನು ಅವರ ಓದುಗರು ಅನುಭವದಿಂದ ಬಲ್ಲರು. ಬಳಕೆದಾರರ ಬಳಗದಲ್ಲಿ ಸಲಹೆಯನ್ನೂ ಹರಟೆಯನ್ನೂ ಬೇರ್ಪಡಿಸಲು ಹೊರಟವರು ಹಲವರಿದ್ದಾರೆ. ‘ವಿಷಯಕ್ಕೆ ಬನ್ನಿ’ ಎಂಬ ನಿಯಮ ಹಾಕುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ. ಯಾರಿಗೆ ಏನು ಗೊತ್ತು, ಯಾರು ತಾಳ್ಮೆಯಿಂದ ಹೇಳಿಕೊಡುತ್ತಾರೆ, ಯಾರ ಬಳಿ ಹಳೆಯ ಫಾಂಟಿನ ಸಿ.ಡಿ. ಇನ್ನೂ ಇದೆ ಎಂಬುದು ತಿಳಿಯುವುದು ಚಹಾದ ಹೊತ್ತಿನಲ್ಲೇ. ಹೊಸಬನ ಹಿಂಜರಿಕೆ ಕರಗುವುದೂ ಆಗಲೇ.

ಆ ಮಾತಿನ ಕನ್ನಡವೂ ಗಮನಕ್ಕೆ ಬರಬೇಕು. ‘ಕಂಪೈಲ್ ಆಗ್ತಿಲ್ಲ’, ‘ಎರರ್ ಹೊಡೀತೈತಿ’, ‘ಲೂಪ್‌ನಾಗ ಸಿಕ್ಕಂಡೈತಿ’, ‘ಸರ್ವರ್ ಮಕ್ಕೊಂಡೈತಿ’. ನಾಮಪದ ಇಂಗ್ಲಿಷಿನದು, ಕ್ರಿಯಾಪದವೆಲ್ಲ ಕನ್ನಡದ್ದು. ಯಂತ್ರ ಹೊಡೆಯುತ್ತದೆ, ಸಿಕ್ಕಿಕೊಳ್ಳುತ್ತದೆ, ಮಲಗುತ್ತದೆ. ಪಾರಿಭಾಷಿಕ ಪದಕೋಶ ಮಾಡುವವರು ನಾಮಪದಗಳಿಗಾಗಿ ಹೆಣಗುತ್ತಿರುವಾಗ ಆಡುಮಾತು ಕ್ರಿಯಾಪದದ ಕಡೆಯಿಂದ ಇಡೀ ಕಸುಬನ್ನು ಕನ್ನಡಕ್ಕೆ ಎಳೆದುಕೊಂಡಿದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಸೀಮೆಯ ಮಾತನ್ನು ಕಾದಂಬರಿಗೆ ತಂದು ಅದರ ಕಸುವನ್ನು ನಾಡಿಗೆ ತೋರಿಸಿದರು. ತಂತ್ರಜ್ಞಾನವನ್ನು ವಿವರಿಸಲೂ ಅದಕ್ಕೆ ಕಸುವು ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ತಾಲ್ಲೂಕುಗಳು ಬಳಗಕ್ಕೆ ಕೊಡಬಹುದಾದದ್ದು ಏನು? ಒಂದು ನಿದರ್ಶನ ಸಾಕು. ಹರಪನಹಳ್ಳಿಗೆ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯ ಸುತ್ತ ಹಳಗನ್ನಡದ ಶಾಸನಗಳಿವೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆ ಮೀಸಲಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟ ಓದಿದವರಿಗೆ ಈ ಸೀಮೆಯ ಸಂಪತ್ತು ಗೊತ್ತು. ಅಂಥ ಶಾಸನಗಳನ್ನು ಗಣಕದಲ್ಲಿ ಬರೆಯಲು ಇಂದಿನ ವರ್ಣಮಾಲೆಯಲ್ಲಿಲ್ಲದ ಱ, ೞ ಬೇಕು. ಯೂನಿಕೋಡಿನಲ್ಲಿ ಎರಡೂ ಇವೆ. ಆದರೆ ೞ ಅಕ್ಷರಕ್ಕೆ ಪಟ್ಟಿಯಲ್ಲಿ ಬಿದ್ದಿರುವ ಹೆಸರು ‘ಫ’ ಎಂದು ಓದಿಕೊಳ್ಳುವಂಥದು. ಅದು ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮವಾದ್ದರಿಂದ ತಪ್ಪು ಹಾಗೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ. ಹಳೆಯ ಬರಹದಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರಪೊಲ್ಲಿಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2021ರಲ್ಲಿ, 14ನೆಯ ಆವೃತ್ತಿಯಲ್ಲಿ. ಅಂದರೆ ಕನ್ನಡದ ಸಂಕೇತಪಟ್ಟಿ ಇನ್ನೂ ಬೆಳೆಯುತ್ತಿದೆ. ಅದನ್ನು ಬೆಳೆಸಬೇಕಾದವರಿಗೆ ಶಾಸನ ಓದುವ ಕಣ್ಣು, ಸಂಕೇತ ಬರೆಯುವ ಕೈ ಎರಡೂ ಬೇಕು. ಎರಡೂ ಒಂದೇ ಬಸ್ಸಿನ ದೂರದಲ್ಲಿರುವ ಸೀಮೆ ಇದು.

ಹೂವಿನಹಡಗಲಿಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಐದೂ ಪಟ್ಟಣಗಳಲ್ಲಿ ಕನ್ನಡ ಟೈಪಿಸಿಯೇ ಹೊಟ್ಟೆ ಹೊರೆಯುವವರಿದ್ದಾರೆ. ಈ ಮೂವರೂ ಒಂದೆಡೆ ಕೂರಬೇಕು. ಹಡಗಲಿಯ ಹುಡುಗ ಹುಡುಗಿಯರು ಒಂದು ಪ್ರಶ್ನೆ ಕೇಳಲು 300 ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ. ತಿಂಗಳಿಗೊಂದು ಭಾನುವಾರ, ಒಂದು ಕೋಣೆ, ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಕನ್ನಡದಲ್ಲಿ ಬರೆದಿಡುವ ಒಂದು ದಪ್ಪ ನೋಟುಬುಕ್ಕು ಇದ್ದರೆ ಆರಂಭಕ್ಕೆ ಸಾಕು. ಈ ಲೇಖನ ಓದುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಮೊದಲ ಭಾನುವಾರ ನೀವೇ ಕರೆಯಿರಿ. ಡಿಟಿಪಿ ಅಂಗಡಿಯವರನ್ನು ಮರೆಯದೆ ಕರೆಯಿರಿ. ಬಾಗಳಿಯ ಒಂದು ಶಾಸನದ ಪಾಠವನ್ನು ಜೊತೆಗೆ ತನ್ನಿ, ಅದನ್ನು ೞಕಾರ ತಪ್ಪದಂತೆ ಎಲ್ಲರೂ ಕೂತು ಟೈಪಿಸಿ ನೋಡಿ.